ಹಂಡೆಯೊಳಗೆ ಸಿಕ್ಕಿದ ಸ್ವರ

ಯುದ್ಧ ಮುಗಿದ ಮೇಲಿನ ಮಾತು. ಬೊಂಬಾಯಿಯ ಹೋಟೆಲೊಂದರ ಬ್ಯಾಂಡಿನಲ್ಲಿ ನಾನು ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದೆ. ಮದುವೆಯಾದ ಮೊದಲ ದೀಪಾವಳಿಗೆ ಬಿಜೂರಿನ ಮಾವನ ಮನೆಗೆ ಬರುವಾಗ ಗಿಟಾರು, ಅದರ ಸ್ವರ ದೊಡ್ಡದು ಮಾಡುವ ಆಂಪ್ಲಿಫೈಯರ್ ಪೆಟ್ಟಿಗೆ, ಅದಕ್ಕೊಂದು ಕಾರಿನ ಬ್ಯಾಟರಿ, ಎಲ್ಲ ಹೊತ್ತು ತಂದೆ. ಗಿಟಾರು ಬಾರಿಸುವುದೂ ಒಂದು ಕೆಲಸವೆಂದು ಮಾವ ಒಪ್ಪಿರಲಿಲ್ಲ; ಹೆಂಡತಿ ಗಿರಿಜೆಯನ್ನು ನನ್ನ ಜೊತೆ ಕಳಿಸಿರಲೂ ಇಲ್ಲ.

“ಹಬ್ಬದ್ ಮುನ್ನಾದಿನ ಸಂಜಿಗ್ ನುಡ್ಸಿ. ಕೇಂಬಂಗಿದ್ರೆ ಮಗ್ಳನ್ನ ಕಳ್ಸ್ತೆ,” ಎಂದರು ಮಾವ.

ಕೇಳುವಂತಿದ್ದರೆ ಸಾಕು, ಇಷ್ಟೇನಾ! ಗೆದ್ದೆ ಎಂದುಕೊಂಡೆ.

ಭಾವನ ಹಾರ್ಮೋನಿಯಂ, ಪಕ್ಕದ ಮನೆಯವರ ತಬಲ, ನನ್ನ ಗಿಟಾರು: ಬ್ಯಾಂಡು ಸಿದ್ಧವಾಯಿತು. ಆದರೆ ಬೊಂಬಾಯಿಯಲ್ಲಿ ತುಪ್ಪದಂತೆ ಇಳಿಯುತ್ತಿದ್ದ ಸ್ವರ ಬಿಜೂರಿನ ಚಾವಡಿಯಲ್ಲಿ ಸೊಳ್ಳೆಯಾಯಿತು. ಹಾರ್ಮೋನಿಯಂ ಒಮ್ಮೆ ಉಸಿರು ಬಿಟ್ಟರೆ ನಾನು ಇದ್ದೇನೋ ಇಲ್ಲವೋ ತಿಳಿಯದು. ಪೆಟ್ಟಿಗೆಯನ್ನು ಒರಳಿನ ಮೇಲೆ ಇಟ್ಟು ನೋಡಿದೆ. ಅಟ್ಟದಲ್ಲಿದ್ದ ತೊಟ್ಟಿಲು ಇಳಿಸಿ ಅದರಲ್ಲೂ ಮಲಗಿಸಿದೆ.

“ಹ್ವಾಯ್, ಮಕ್ಳ್ ಆಪುಕ್ ಮುಂಚೆ ತೊಟ್ಲ್ ಮುರೀಬ್ಯಾಡಿ,” ಎಂದಳು ಗಿರಿಜೆ.

ಕೊನೆಗೆ ಬಚ್ಚಲಿನ ತಾಮ್ರದ ಹಂಡೆ ಕಣ್ಣಿಗೆ ಬಿತ್ತು. ಹುಣಸೆಹುಳಿ ಹಾಕಿ ತಿಕ್ಕಿ, ಕುತ್ತಿಗೆಗೆ ಹಬ್ಬದ ಶೃಂಗಾರವೆಂದು ಹಿಂಡ್ಲೆಕಾಯಿಯ ಕಾಡುಬಳ್ಳಿ ಸುತ್ತಿಟ್ಟಿದ್ದರು. ಪೆಟ್ಟಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಒಳಗೆ ಕೂತಿತು. ವಯರನ್ನು ಬಳ್ಳಿಯ ಜೊತೆಗೇ ಹೊರಗೆಳೆದು, ಚಾವಡಿಯವರೆಗೆ ಹಾಯಿಸಿ ತಂತಿ ಮೀಟಿದೆ. ಆಹಾ, ಏನು ಗಾಂಭೀರ್ಯ! ಹಾರ್ಮೋನಿಯಂ ತೆಪ್ಪಗಾಯಿತು.

ಸಂಜೆ ಮಾವನನ್ನೂ ನೆರೆಯವರನ್ನೂ ಚಾವಡಿಯಲ್ಲಿ ಕೂರಿಸಿ, ಉತ್ತಮ ಸ್ವರದ ಲಕ್ಷಣಗಳ ಕುರಿತು ಪ್ರಾಸ್ತಾವಿಕ ಭಾಷಣ ಆರಂಭಿಸಿದೆ. ಹಿತ್ತಿಲ ಕಡೆಯಿಂದ ಜಾಗಟೆ ಕೇಳಿತು. ಸ್ವಲ್ಪ ಮೆಲ್ಲಗೆ ಬಾರಿಸಿ, ಇಲ್ಲಿ ಸಂಗೀತದ ವಿಚಾರ ನಡೆಯುತ್ತಿದೆ ಎಂದು ನಾನೇ ಕೂಗಿ ಹೇಳಿದೆ. ಇದೇ ಸೀಮೆಯ ತೆಕ್ಕಟ್ಟೆಯಲ್ಲಿ ಹುಟ್ಟಿ ಬೆಳೆದವನು ನಾನು! ಹಬ್ಬದ ಮುನ್ನಾದಿನ ಹಂಡೆಗೆ ನೀರು ತುಂಬುತ್ತಾರೆಂದು ಹೊಳೆಯಬಾರದೇ? ಅತ್ತೆ ಮತ್ತು ಗಿರಿಜೆ ಜಾಗಟೆ ಬಾರಿಸಿ, ಬಾವಿಯಿಂದ ಕೊಡ ಕೊಡ ನೀರು ತಂದು, ಕತ್ತಲೆ ಬಚ್ಚಲಿನ ಹಂಡೆಗೆ ಭಕ್ತಿಯಿಂದ ಸುರಿಯುತ್ತಿದ್ದರು.

ಭಾಷಣ ಮುಗಿಸಿ, ಬ್ಯಾಟರಿ ಹಾಕಿ, ಕಣ್ಣು ಮುಚ್ಚಿ ಮೀಟಿದೆ. ‘ಗುಳುಂ’ ಎಂದಿತು. ಬೊಂಬಾಯಿಯಲ್ಲೂ ಕೇಳದ ಸ್ವರ! ಖುಷಿಯಿಂದ ಇನ್ನೊಮ್ಮೆ ಮೀಟಿದೆ. ‘ಟಪ್’ ಎಂದಿತು. ಒಲೆಗೆ ಬೆಂಕಿಯೇ ಹಾಕಿಲ್ಲ, ಹಂಡೆ ಕುದಿಯುತ್ತಿದೆ ಎನ್ನುತ್ತ ಅತ್ತೆ ಓಡಿಬಂದರು.

ನೀರು ಸೋರುತ್ತಿದ್ದ ಪೆಟ್ಟಿಗೆಯನ್ನು ಮಾವ ಸಾವಕಾಶವಾಗಿ ನೋಡಿದರು. “ಅಳಿಯ ಮೀವುಕ್ ಮುಂಚೆ ಅಳಿಯನ್ ಪೆಟ್ಗಿ ಮಿಂದ್ ಆಯ್ತ್,” ಎಂದರು.

ಎಷ್ಟು ತೊಳೆದರೂ ಹಂಡೆಯ ಸುಟ್ಟ ವಾಸನೆ ಹೋಗಲಿಲ್ಲ. ಹೊಸ ಅಳಿಯನ ಎಣ್ಣೆಸ್ನಾನ ತಪ್ಪಿಸುವಂತೆಯೂ ಇರಲಿಲ್ಲ. ಬೆಳಗಿನ ಜಾವ ಅತ್ತೆ ತಲೆಗೆ ಎಣ್ಣೆ ಮೆತ್ತಿ ಬಾವಿಕಟ್ಟೆಯಲ್ಲಿ ಕೂರಿಸಿದರು. ಭಾವ ತಣ್ಣೀರು ಸುರಿದ. ನನ್ನ ಗಂಟಲಿನಿಂದ ಉದ್ದವಾದ, ತುಂಬಿದ, ನಡುಗುವ ಸ್ವರವೊಂದು ಹೊರಟಿತು.

ಚಾವಡಿಯಲ್ಲಿ ಮಾವ ತಲೆದೂಗಿದರು. “ಇದ್ ಅಡ್ಡಿಲ್ಲೆ. ಬ್ಯಾಟ್ರಿಯೂ ಬ್ಯಾಡ.”

ಹಾಗಾದರೆ ಗಿರಿಜೆಯನ್ನು ಕಳಿಸುತ್ತೀರಾ ಎಂದು ಹಲ್ಲು ಕಟಕಟಿಸುತ್ತಲೇ ಕೇಳಿದೆ.

“ಬಪ್ಪ್ ವರ್ಷ ಕಾಂಬ.”

ಅಂತೂ ಆ ವರ್ಷ ನನ್ನ ಜೊತೆ ಬೊಂಬಾಯಿಗೆ ಹೊರಟದ್ದು ಗಿರಿಜೆಯಲ್ಲ, ಒದ್ದೆ ಪೆಟ್ಟಿಗೆ ಮತ್ತು ಒಂದು ನೆಗಡಿ. ಆ ನೆಗಡಿಯಲ್ಲಿ ನನ್ನ ಮಾತು ಥೇಟ್ ಹಂಡೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಗಿಟಾರಿಗೆ ಮಾತ್ರ ಆ ಸ್ವರ ಇಂದಿಗೂ ಬಂದಿಲ್ಲ!