ಕೆಲಸಕ್ಕೆ ಬಾರದ್ದು ಏನಿದ್ದರೂ ತನ್ನಿ

ಲಿಯೊಕಾಡಿಯೊನ ಟ್ರಕ್ಕಿಗೆ ಏರು ಕಂಡರಾಗದು. ಅರ್ಧ ಹತ್ತುವಷ್ಟರಲ್ಲಿ ಕೆಮ್ಮಿ, ನಡುಗಿ, ನಿಂತುಬಿಡುತ್ತಿತ್ತು. ಅದೇನೂ ದೊಡ್ಡ ಮಾತಲ್ಲ. ಲಾ ಕ್ವೆಸ್ತಾ ಕೇರಿಯಲ್ಲಿ ಏರಿಗೆ ನಿಲ್ಲದ ಗಾಡಿ ಇದ್ದರೆ ಅದು ಸರ್ಕಾರದ್ದೇ ಇರಬೇಕು. ತೊಂದರೆ ಇದ್ದದ್ದು ಆಮೇಲೆ. ಎಂಜಿನ್ ಮತ್ತೆ ಹೊತ್ತಿಕೊಂಡ ಕೂಡಲೇ ಟ್ರಕ್ಕಿನ ನೆತ್ತಿಯ ಮೇಲಿದ್ದ ಧ್ವನಿವರ್ಧಕಗಳೂ ಎಚ್ಚರಗೊಂಡು, ಪೆನ್‌ಡ್ರೈವಿನಲ್ಲಿ ಮೊದಲು ಏನಿದೆಯೋ ಅದನ್ನೇ ಒದರಲು ಶುರುಮಾಡುತ್ತಿದ್ದವು. ಮೊದಲು ಇದ್ದದ್ದು ಅವನ ಹೆಂಡತಿ ಕಸಿಲ್ದಾಳ ದನಿ.

"ಹಾಸಿಗೆ, ಒಲೆ, ಫ್ರಿಜ್ಜು, ಬ್ಯಾಟರಿ, ಕಬ್ಬಿಣ! ಹಳೇದು, ಕೆಟ್ಟಿದ್ದು, ಕೆಲಸಕ್ಕೆ ಬಾರದ್ದು, ಮನೇಲಿಟ್ಕೊಂಡು ಸಾಕಾಗಿರೋದು ಏನಿದ್ರೂ ಹೊರಗೆ ತನ್ನಿ! ಇವತ್ತೇ ಹೊತ್ಕೊಂಡು ಹೋಗ್ತೀವಿ!"

ಈ ಕೂಗಿನ ಮೇಲೆ ಅವರ ಸಂಸಾರ ಎಷ್ಟೋ ವರ್ಷ ನಡೆದಿತ್ತು. ಈಗ ನಡೆಯುತ್ತಿರಲಿಲ್ಲ. ದೇಶಕ್ಕೆ ಈಗಿನ ಅಧ್ಯಕ್ಷರು ಬಂದ ಮೇಲೆ ಬೆಲೆಗಳು ಎಲ್ಲಿಗೆ ಏರಿದವೆಂದರೆ, ಜನ ಏನನ್ನೂ ಎಸೆಯುವುದನ್ನೇ ಬಿಟ್ಟಿದ್ದರು. ಸತ್ತ ಫ್ಯಾನಿಗೆ ತಂತಿ ಕಟ್ಟಿ, ಒಡೆದ ಬಕೆಟ್ಟಿಗೆ ಮೇಣ ಮೆತ್ತಿ ಬದುಕುತ್ತಿದ್ದರು. ಮನೆ ನಿಂತಿದ್ದದ್ದು ಕಸಿಲ್ದಾಳ ಸಂಬಳದ ಮೇಲೆ. ಅವಳು ಸರ್ಕಾರಿ ಶಾಲೆಯಲ್ಲಿ ಗುಡಿಸಿ ಒರೆಸುವ ಕೆಲಸದಲ್ಲಿದ್ದಳು. ನಮ್ಮ ಡೊಮಿನಿಕನ್ ದೇಶದಲ್ಲಿ ಸರ್ಕಾರ ಬದಲಾದರೆ ಮಂತ್ರಿಯಿಂದ ಹಿಡಿದು ಶಾಲೆಯ ಪೊರಕೆಯವರೆಗೆ ಎಲ್ಲ ಬದಲು. ಆ ಪೊರಕೆಯನ್ನು ಕಸಿಲ್ದಾಳ ಕೈಗೆ ಕೊಡಿಸಿದವನು ಅಧ್ಯಕ್ಷರ ಹಳದಿ ಪಕ್ಷದ ಕೇರಿ ಮುಖಂಡ ದೋನ್ ಅಮಾಬ್ಲೆ. ದೋನ್ ಅಂದರೆ ಯಜಮಾನರು, ಹೆಂಗಸರಾದರೆ ದೋನ್ಯಾ. ಅಮಾಬ್ಲೆ ಅಂದರೆ ಕರುಣಾಳು. ಹೆಸರಿಟ್ಟವರು ಮಗುವಿನ ಮುಖ ನೋಡುವ ಮೊದಲೇ ಇಟ್ಟಿರಬೇಕು.

ಲಿಯೊಕಾಡಿಯೊಗೆ ಅಧ್ಯಕ್ಷರ ಹೆಸರೆತ್ತಿದರೆ ಮೈಯೆಲ್ಲ ಉರಿ. ಆ ಭಾನುವಾರ ಬೆಳಗ್ಗೆಯೂ ಅಡುಗೆಮನೆಯಲ್ಲಿ ಖಾಲಿ ಗ್ಯಾಸ್ ಸಿಲಿಂಡರಿಗೆ ಒದ್ದು ಕೂಗಾಡುತ್ತಿದ್ದ.

"ಒಂದು ಬಾಳೆಕಾಯಿಗೆ ಈ ಬೆಲೆನಾ? ಒಳಗೇನು ಬೆಳ್ಳಿ ತುಂಬಿದಾರಾ? ಕೋಳಿ ತಿನ್ನೋದು ಹೋಗ್ಲಿ, ಕೋಳಿ ಕೂಗೋದು ಕೇಳಿದ್ರೂ ದುಡ್ಡು ಕೇಳ್ತಾರೆ! ಇಷ್ಟೆಲ್ಲ ಮಾಡಿ ಇನ್ನೂ ನಾಲ್ಕು ವರ್ಷ ಬೇಕಂತೆ ಆ ಮಹಾನುಭಾವನಿಗೆ! ನಾಲ್ಕು ದಿನ ಕೊಟ್ರೆ ನನ್ನ ಚಪ್ಪಲಿ..."

ಬಾಗಿಲು ಬಡಿದ ಸದ್ದಾಯಿತು. ಅಮಾಬ್ಲೆ ನಿಂತಿದ್ದ, ಹಳದಿ ಟೋಪಿ, ಹಳದಿ ಅಂಗಿ, ಹಳದಿ ನಗು.

"ಏನಯ್ಯಾ, ಚಪ್ಪಲಿ ಅಂದಂಗಾಯ್ತು?"

"ಹರಿದುಹೋಗಿದೆ ಅಂತಿದ್ದೆ, ದೋನ್ ಅಮಾಬ್ಲೆ. ಬನ್ನಿ, ಕಾಫಿ ಕುಡೀರಿ," ಎಂದ ಲಿಯೊಕಾಡಿಯೊ. ಹೊಸ್ತಿಲಿನಲ್ಲಿ ಅವನ ದನಿ ಯಾವಾಗಲೂ ಹೀಗೆಯೇ ಇಳಿದುಬಿಡುತ್ತಿತ್ತು. ಅದು ಅವನ ಸ್ವಭಾವ, ನಮ್ಮ ಕೇರಿಯಲ್ಲಿ ಅರ್ಧ ಜನರ ಸ್ವಭಾವವೂ ಹೌದು.

"ಕಾಫಿ ಬೇಡ. ಇವತ್ತು ಅಧ್ಯಕ್ಷರ ಮೆರವಣಿಗೆ. ನಮ್ಮ ಧ್ವನಿವರ್ಧಕದ ಗಾಡಿಯವನು ಎದುರು ಪಕ್ಷಕ್ಕೆ ಹಾರಿದಾನೆ, ಕೃತಘ್ನ. ನಿನ್ನ ಟ್ರಕ್ ತಗೊಂಡು ಬಾ."

"ಅಯ್ಯೋ, ಅದು ಏರು ಹತ್ತಲ್ಲ ದೋನ್..."

"ಕಸಿಲ್ದಾ ಹೇಗಿದಾಳೆ?" ಎಂದು ಅಮಾಬ್ಲೆ ಅಕ್ಕರೆಯಿಂದ ಕೇಳಿದ. "ಶಾಲೆ ಕೆಲಸ ಹಿಡಿಸಿದೆ ತಾನೇ? ಎಷ್ಟು ಜನ ಆ ಕೆಲಸ ಕೇಳ್ತಾರೆ ಗೊತ್ತಾ? ನಾನೇ ತಡ್ಕೊಂಡು ನಿಂತಿದೀನಿ."

ಲಿಯೊಕಾಡಿಯೊ ಟ್ರಕ್ಕಿನ ಕೀಲಿ ತೆಗೆದುಕೊಂಡ. ಕಸಿಲ್ದಾ ತಂಗಿಯ ತಿಂಡಿ ಗಾಡಿಗೆಂದು ಬೆಳಗ್ಗೆಯೇ ಹೋಗಿದ್ದಳು. ಇದ್ದಿದ್ದರೆ ಒಂದು ಮಾತು ಕೇಳಬಹುದಿತ್ತು.

ಟ್ರಕ್ಕಿನ ಮೇಲೆ ಅಧ್ಯಕ್ಷರ ಆಳೆತ್ತರದ ಚಿತ್ರ ನಿಲ್ಲಿಸಿದರು. ಹಲ್ಲೆಲ್ಲ ಕಾಣುವ ನಗು. ಪಕ್ಕದಲ್ಲಿ ಅಮಾಬ್ಲೆ ಕೈಬೀಸುತ್ತ ನಿಂತ. ಪೆನ್‌ಡ್ರೈವಿನಲ್ಲಿ ಎರಡನೆಯದಾಗಿ ಪಕ್ಷದ ಹಾಡು ಸೇರಿಸಿದರು: "ಇನ್ನೂ ನಾಲ್ಕು ವರುಷ, ಮನೆಮನೆಗೂ ಹರುಷ!" ಎಂಜಿನ್ ನಿಂತರೆ ಗುಂಡಿ ಒತ್ತಿ ಎರಡನೆಯದಕ್ಕೆ ದಾಟಿಸಬೇಕೆಂದು ಲಿಯೊಕಾಡಿಯೊ ತನಗೆ ತಾನೇ ಹೇಳಿಕೊಂಡ. ಮೂರು ಬೀದಿಗಳಲ್ಲಿ ನೆನಪಿಟ್ಟುಕೊಂಡ ಕೂಡ.

ನಾಲ್ಕನೆಯದು ಕಿರಿನೊನ ಅಂಗಡಿಯ ಏರು.

ಕಿರಿನೊನ ಅಂಗಡಿಯೆಂದರೆ ಕೇರಿಯ ಪಾರ್ಲಿಮೆಂಟು. ಮುಂದಿನ ಕಟ್ಟೆಯಲ್ಲಿ ಡಾಮಿನೊ ಆಡುವವರು ಬೆಳಗ್ಗೆಯಿಂದ ಚುನಾವಣೆಯ ಅದೇ ಜಗಳದಲ್ಲಿದ್ದರು. ಒಬ್ಬನ ಪ್ರಕಾರ ಎದುರು ಪಕ್ಷದ ಸೆನೆಟರ್ ನಿಂತರೆ ಅಧ್ಯಕ್ಷ ಮಣ್ಣುಮುಕ್ಕುವುದು ಖಂಡಿತ. ಇನ್ನೊಬ್ಬನಿಗೆ ಟಿವಿಯಲ್ಲಿ ಹಾಡುವ ವಕೀಲನೇ ಬರಬೇಕು. "ಯಾರೂ ಬೇಡ, ನನ್ನ ಸಾಲದ ಗಿರಾಕಿಗಳೆಲ್ಲ ಒಟ್ಟಿಗೆ ಓಟು ಹಾಕಿದ್ರೆ ನಾನೇ ಗೆಲ್ತೀನಿ," ಎನ್ನುತ್ತಿದ್ದ ಕಿರಿನೊ. ಅಷ್ಟರಲ್ಲಿ ಹಳದಿ ಟ್ರಕ್ಕು ಏರು ಹತ್ತಿ ಬಂತು. ಸರಿಯಾಗಿ ಕಟ್ಟೆಯ ಎದುರಿಗೆ ಕೆಮ್ಮಿತು, ನಡುಗಿತು, ನಿಂತಿತು. ಹಿಂದೆ ಬರುತ್ತಿದ್ದ ಮೋಟರ್ ಸೈಕಲ್ಲುಗಳೆಲ್ಲ ಹಾರನ್ ಬಾರಿಸತೊಡಗಿದವು.

ಮೇಲಿಂದ ಅಮಾಬ್ಲೆ ಟ್ರಕ್ಕಿನ ತಲೆಗೆ ಗುದ್ದಿದ. "ನಡಿಯೋ! ಎದುರು ಪಕ್ಷದವರ ಮುಂದೆ ಮಾನ ಕಳೀಬೇಡ!"

ಲಿಯೊಕಾಡಿಯೊ ಬೆವರುತ್ತ ಕೀಲಿ ತಿರುಗಿಸಿದ. ಎಂಜಿನ್ ಹೊತ್ತಿಕೊಂಡಿತು. ಆ ಸಂತೋಷದಲ್ಲಿ ಗುಂಡಿ ಮರೆತುಹೋಯಿತು.

"ಹಳೇದು, ಕೆಟ್ಟಿದ್ದು, ಕೆಲಸಕ್ಕೆ ಬಾರದ್ದು," ಎಂದು ಕಸಿಲ್ದಾಳ ದನಿ ಕೇರಿಯ ಆ ತುದಿಯವರೆಗೆ ಮೊಳಗಿತು, "ಮನೇಲಿಟ್ಕೊಂಡು ಸಾಕಾಗಿರೋದು ಏನಿದ್ರೂ ಹೊರಗೆ ತನ್ನಿ! ಇವತ್ತೇ ಹೊತ್ಕೊಂಡು ಹೋಗ್ತೀವಿ!"

ಮೇಲೆ ಅಧ್ಯಕ್ಷರು ನಗುತ್ತಿದ್ದರು.

ಡಾಮಿನೊ ಮೇಜೇ ಮಗುಚಿಬಿತ್ತು. ಕಿರಿನೊ ಕಟ್ಟೆಯ ಮೇಲೆ ಉರುಳಾಡಿ ನಕ್ಕ. "ಹೊತ್ಕೊಂಡು ಹೋಗಿ! ಪುಣ್ಯ ಬರುತ್ತೆ, ಇವತ್ತೇ ಹೊತ್ಕೊಂಡು ಹೋಗಿ!" ಎಂದು ಜನ ಚಪ್ಪಾಳೆ ತಟ್ಟಿದರು. ಲಿಯೊಕಾಡಿಯೊ ಗಾಬರಿಯಲ್ಲಿ ಗುಂಡಿಯ ಬದಲು ದನಿ ಏರಿಸುವ ತಿರುಪು ತಿರುಗಿಸಿದ.

ಇಷ್ಟರಲ್ಲಿ ಅಂಗಡಿಯ ಎದುರಿಗಿದ್ದ, ಲಿಯೊಕಾಡಿಯೊನ ಪಕ್ಕದ ಮನೆಯ ಮುದುಕಿ ದೋನ್ಯಾ ಸುನಿಲ್ದಾ ಕಿವಿ ಸ್ವಲ್ಪ ಮಂದವಾದ್ದರಿಂದ ನಗು ಯಾತಕ್ಕೆಂದು ತಿಳಿಯದೆ, ಕೂಗು ಮಾತ್ರ ಕೇಳಿಸಿಕೊಂಡು ತನ್ನ ಸತ್ತ ಫ್ಯಾನು ಎತ್ತಿಕೊಂಡು ಓಡಿಬಂದಳು. "ಎಷ್ಟು ಕೊಡ್ತೀಯೋ ಲಿಯೊಕಾಡಿಯೊ?" ಎಂದು ಅದನ್ನು ಅಧ್ಯಕ್ಷರ ಕಾಲ ಬಳಿ ಇಟ್ಟಳು. ಅಷ್ಟೇ ಸಾಕಾಯಿತು. ವರ್ಷಗಟ್ಟಲೆ ಏನನ್ನೂ ಎಸೆಯದ ಜನ ಅಂದು ಮನೆಯೊಳಗಿನದ್ದೆಲ್ಲ ಎಸೆಯಲು ತಂದರು. ತುಕ್ಕು ಹಿಡಿದ ಒಲೆ ಬಂತು, ಕಾಲು ಮುರಿದ ಕುರ್ಚಿ ಬಂತು, ಇಬ್ಬರು ಹೊತ್ತುಕೊಂಡು ಒಡೆದ ಕಮೋಡೂ ಬಂತು. ಅದನ್ನು ಅಮಾಬ್ಲೆಯ ಪಕ್ಕದಲ್ಲೇ, ಅತಿಥಿಗೆ ಆಸನ ಹಾಕಿದ ಹಾಗೆ, ಮರ್ಯಾದೆಯಿಂದ ಇಟ್ಟರು. ಎಲ್ಲರ ಕೈಯಲ್ಲೂ ಫೋನು, ಎಲ್ಲ ಫೋನೂ ಅಮಾಬ್ಲೆಯ ಕಡೆಗೆ.

ಅಮಾಬ್ಲೆ ಟ್ರಕ್ಕಿನಿಂದ ಧುಮುಕಿದ. ಧ್ವನಿವರ್ಧಕದ ತಂತಿ ಕಿತ್ತ, ಪೆನ್‌ಡ್ರೈವನ್ನು ಎಳೆದು ಜೇಬಿಗೆ ಹಾಕಿಕೊಂಡ. ಆಮೇಲೆ ಲಿಯೊಕಾಡಿಯೊನ ಕಾಲರು ಹಿಡಿದ.

"ಯಾರದೋ ಆ ದನಿ? ನಿನ್ನ ಹೆಂಡ್ತಿದಲ್ವಾ? ಸರ್ಕಾರದ ಅನ್ನ ತಿನ್ನೋಳು ಅಧ್ಯಕ್ಷರನ್ನ ಗುಜರಿ ಅಂತಾಳಾ? ನಾಳೆ ಬೆಳಗ್ಗೆ ಪೊರಕೆ ಕೈಯಿಂದ ಹೋಗುತ್ತೆ, ನೋಡ್ತಿರು!"

"ದೋನ್ ಅಮಾಬ್ಲೆ, ನಿಮ್ಮ ಕಾಲಿಗೆ ಬೀಳ್ತೀನಿ! ಅವಳದೇನೂ ತಪ್ಪಿಲ್ಲ, ಟ್ರಕ್ಕಿಂದು, ನಂದು! ಏನ್ ಹೇಳಿದ್ರೂ ಮಾಡ್ತೀನಿ, ಅವಳ ಕೆಲಸ ಒಂದು ಬಿಟ್ಬಿಡಿ."

ಅಮಾಬ್ಲೆ ಗಲ್ಲ ಕೆರೆದುಕೊಂಡ. ಅವನ ಕಣ್ಣಿನಲ್ಲಿ ಏನೋ ಹೊಳೆದುಹೋಯಿತು. "ಏನ್ ಹೇಳಿದ್ರೂ?"

"ಏನ್ ಹೇಳಿದ್ರೂ."

"ಹಾಗಾದ್ರೆ ಕೇಳು. ಈ ಚಿತ್ರ ಬೆನ್ನಿಗೆ ಕಟ್ಕೊ. ಕೇರಿಯ ಒಂದೊಂದು ಬಾಗಿಲ ಮುಂದೂ ನಿಂತು ಕೂಗು. ಧ್ವನಿವರ್ಧಕ ಇಲ್ಲ, ಬರೀ ಗಂಟಲಲ್ಲಿ. ನಾನು ಹಿಂದೆ ಕಾರಲ್ಲಿ ಬರ್ತೀನಿ. ದನಿ ಇಳಿದ್ರೆ ಕಸಿಲ್ದಾ ಇಳಿದ್ಲು ಅಂತ ತಿಳ್ಕೊ."

ಹೀಗೆ ನಡುಹಗಲಿನ ಬಿಸಿಲಿನಲ್ಲಿ, ಅಧ್ಯಕ್ಷರನ್ನು ಬೆನ್ನಮೇಲೆ ಹೊತ್ತು, ಅಧ್ಯಕ್ಷರನ್ನು ಕಂಡರಾಗದ ಮನುಷ್ಯ ಮನೆಮನೆಗೆ ಹೊರಟ. "ಇನ್ನೂ ನಾಲ್ಕು ವರುಷ! ಮನೆಮನೆಗೂ ಹರುಷ!" ಹಿಂದೆ ಅಮಾಬ್ಲೆ ಗಾಜು ಏರಿಸಿ, ತಣ್ಣನೆಯ ಗಾಳಿ ಹಾಕಿಕೊಂಡು, ಕರಿದ ಕೋಳಿ ಕಡಿಯುತ್ತ ಬರುತ್ತಿದ್ದ. ಆ ವಾಸನೆ ಗಾಜು ದಾಟಿ ಬರುತ್ತಿತ್ತು. ಒಬ್ಬ ಬಡವನ ಕೈಯಲ್ಲಿ ತನ್ನ ಹಸಿವಿಗೆ ತಾನೇ ಜೈಕಾರ ಹಾಕಿಸುವವರಿಗೆ ಏನು ಹೇಳಬೇಕೋ ನನಗಂತೂ ತಿಳಿಯದು, ತಿಳಿದದ್ದನ್ನು ಬರೆಯುವಂತಿಲ್ಲ.

"ಬೆಳಗ್ಗೆ ನಮ್ಮನ್ನ ನಗಿಸಿದೆ, ನೀನು ನಮ್ಮೋನೇ ಅಂದ್ಕೊಂಡಿದ್ದೆ!" ಎಂದ ಕಿರಿನೊ, ಸಿಟ್ಟಿನಿಂದ. "ಹರುಷ ಅಂತೆ! ಅಕ್ಕಿ ರೇಟು ನೋಡಿದೀಯಾ? ಇನ್ಮೇಲೆ ನನ್ನ ಅಂಗಡಿ ಕಡೆ ತಲೆ ಹಾಕ್ಬೇಡ. ಒಂದು ಖಾಲಿ ಡಬ್ಬಾನೂ ನಿನಗೆ ಕೊಡಲ್ಲ."

ಲಿಯೊಕಾಡಿಯೊಗೆ ಹೇಳಬೇಕೆನಿಸಿತು, ಗೆಳೆಯಾ, ನಿನಗಿಂತ ನನಗೆ ಹೆಚ್ಚು ಉರಿಯುತ್ತಿದೆ ಎಂದು. ಹಿಂದೆ ಕಾರಿನ ಹಾರನ್ ಕೇಳಿತು. "ಇನ್ನೂ ನಾಲ್ಕು ವರುಷ!" ಎಂದು ಅರಚಿದ. ಕಿರಿನೊ ಪಾತ್ರೆ ತೊಳೆದ ನೀರು ತಂದು ಎರಚಿದ. ಅರ್ಧ ಅಧ್ಯಕ್ಷರ ಮೇಲೆ ಬಿತ್ತು, ಅರ್ಧ ಲಿಯೊಕಾಡಿಯೊನ ಮೇಲೆ.

ದೋನ್ಯಾ ಸುನಿಲ್ದಾ ಟ್ರಕ್ಕಿನಿಂದ ತನ್ನ ಫ್ಯಾನು ವಾಪಸು ಎತ್ತಿಕೊಂಡು ಬಂದು ದಾರಿಗೆ ಅಡ್ಡ ನಿಂತಳು. "ಸರ್ಕಾರದೋನಿಗೆ ನಾನು ಏನೂ ಮಾರಲ್ಲ. ಇಷ್ಟು ವರ್ಷ ಪಕ್ಕದ ಮನೇಲಿದ್ದು ಬಣ್ಣ ತೋರಿಸಲಿಲ್ವಲ್ಲೋ, ಕಳ್ಳ!" ಅವನು ಹತ್ತಿರ ಬಗ್ಗಿ, "ದೋನ್ಯಾ, ನಾನು ಅವರ ಕಡೆಯೋನಲ್ಲ," ಎಂದು ಪಿಸುಗುಟ್ಟಿದ. "ಏನು? ಗಟ್ಟಿಯಾಗಿ ಹೇಳು!" ಎಂದಳು ಮುದುಕಿ. ಗಟ್ಟಿಯಾಗಿ ಹೇಳಬಹುದಾದದ್ದು ಒಂದೇ ಇತ್ತು. ಅದನ್ನೇ ಹೇಳಿದ. ಅವಳು ಫ್ಯಾನಿನ ರೆಕ್ಕೆಯಿಂದಲೇ ಅವನ ಬೆನ್ನಿಗೆ ಬಾರಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಕೇರಿಯ ಕೊನೆಯ ಬಾಗಿಲೂ ಮುಗಿಯಿತು. ಅಮಾಬ್ಲೆ ಗಾಜು ಇಳಿಸಿ, ಬೆರಳು ಚೀಪುತ್ತ, "ಪರವಾಗಿಲ್ಲ. ಈ ಸಲ ಕ್ಷಮಿಸಿದೀನಿ. ಕಸಿಲ್ದಾಗೆ ನನ್ನ ನಮಸ್ಕಾರ ಹೇಳು," ಎಂದು ಹೊರಟುಹೋದ.

ಲಿಯೊಕಾಡಿಯೊ ಮನೆ ಸೇರಿದಾಗ ಕಸಿಲ್ದಾ ಇದ್ದಿಲ ಒಲೆಯ ಮುಂದೆ ಸಲಾಮಿ ಮಾಂಸ ಹುರಿಯುತ್ತಿದ್ದಳು. ಅವನು ಬಾಗಿಲಲ್ಲೇ ಕುಸಿದು ಕೂತು, ಉಳಿದಿದ್ದ ಗಂಟಲನ್ನು ಹಿಂಡಿ ಹಿಂಡಿ ಎಲ್ಲ ಹೇಳಿದ. ಟ್ರಕ್ಕು, ಕಮೋಡು, ಕೊಳೆನೀರು, ಫ್ಯಾನಿನ ರೆಕ್ಕೆ. ಕೊನೆಗೆ ಎದೆ ಮುಟ್ಟಿಕೊಂಡು, "ಮಾನ ಹೋದ್ರೆ ಹೋಗ್ಲಿ ಬಿಡು. ನಿನ್ನ ಕೆಲಸ ಉಳಿಸಿದೆ," ಎಂದ.

ಕಸಿಲ್ದಾ ಸೌಟು ಕೆಳಗಿಟ್ಟಳು.

"ಯಾವ ಕೆಲಸ?"

"ಶಾಲೆದು ಕಣೇ."

"ಅದು ಹೋದ ವಾರವೇ ಹೋಯ್ತಲ್ಲ. ಅಮಾಬ್ಲೆ ತಾನೇ ಬಂದು ಹೇಳಿದ. ದೇಶದ ಪರಿಸ್ಥಿತಿ ಸರಿ ಇಲ್ಲ, ಅಧ್ಯಕ್ಷರು ಖರ್ಚು ಕಡಿಮೆ ಮಾಡಿ ಅಂದಿದಾರೆ, ಮನಸ್ಸಿಗೆ ಹಚ್ಕೋಬೇಡ ಅಂತ. ಮಾರನೇ ದಿನ ಅವನ ನಾದಿನಿ ನನ್ನ ಪೊರಕೆ ಹಿಡ್ಕೊಂಡು ನಿಂತಿದ್ಲು. ನಾನು ದಿನಾ ತಂಗಿ ತಿಂಡಿ ಗಾಡೀಲಿ ಬಾಳೆಕಾಯಿ ಕರೀತಾ ಇದೀನಿ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ? ಅಡುಗೆಮನೇಲಿ ನಿಂತು ಭಾಷಣ ಮಾಡ್ತಿದ್ದೆ. ನಿನ್ನ ಭಾಷಣ ಕೇಳಿ ಕೇಳಿ ಗ್ಯಾಸ್ ಸಿಲಿಂಡರಿಗೂ ಸಾಕಾಗಿದೆ."

ಆಗ ಲಿಯೊಕಾಡಿಯೊ ಎದ್ದ. ಇಷ್ಟು ವರ್ಷ ಹೊಸ್ತಿಲ ಒಳಗೇ ಉಳಿದಿದ್ದ ಸಿಟ್ಟು ಆ ದಿನ ಹೊಸ್ತಿಲು ದಾಟಿತು. ಇಲ್ಲದ ಕೆಲಸವನ್ನು ತೋರಿಸಿ ಹೆದರಿಸಿದನಲ್ಲ! ಕೋಳಿ ತಿನ್ನುತ್ತ ಹಿಂದೆ ಬಂದನಲ್ಲ! ಕ್ಷಮಿಸಿದೆ ಬೇರೆ ಅಂದನಲ್ಲ! ಅವನು ಏರಿನಲ್ಲೇ ಬಿಟ್ಟಿದ್ದ ಟ್ರಕ್ಕಿಗೆ ಹತ್ತಿ, ಕಿತ್ತ ತಂತಿಯನ್ನು ಹಲ್ಲಿನಿಂದ ಸುಲಿದು ಜೋಡಿಸಿ, ಮೈಕು ಹಿಡಿದು, ದನಿಯ ತಿರುಪನ್ನು ಪೂರ್ತಿ ತಿರುಗಿಸಿದ. ಧ್ವನಿವರ್ಧಕ ಕಿರ್ರೆಂದಿತು. ಕಿಟಕಿಗಳು ತೆರೆದವು. ಕಿರಿನೊನ ಕಟ್ಟೆಯವರೆಲ್ಲ ಎದ್ದು ನಿಂತರು. ಲಿಯೊಕಾಡಿಯೊ ಎದೆ ತುಂಬ ಉಸಿರೆಳೆದು, ಅಮಾಬ್ಲೆಯ, ಅಧ್ಯಕ್ಷರ, ಬಾಳೆಕಾಯಿಯ, ಎಲ್ಲರ ಜನ್ಮ ಜಾಲಾಡಲು ಬಾಯಿ ತೆರೆದ.

"ಹ್ಸ್ಸ್ಸ್," ಎಂದಿತು ಧ್ವನಿವರ್ಧಕ.

ಮತ್ತೆ ತೆರೆದ. ಕತ್ತಿನ ನರಗಳು ಉಬ್ಬಿದವು, ಕಣ್ಣಲ್ಲಿ ನೀರು ಬಂತು. "ಹ್ಸ್ಸ್. ಹ್ಸ್ಸ್." ಇದ್ದ ದನಿಯನ್ನೆಲ್ಲ ಹಗಲಿಡೀ ಅಧ್ಯಕ್ಷರಿಗೆ ಕೊಟ್ಟಾಗಿತ್ತು.

"ಇನ್ನೂ ಮುಗೀಲಿಲ್ವೇನೋ ನಿನ್ನ ಪ್ರಚಾರ?" ಎಂದು ದೋನ್ಯಾ ಸುನಿಲ್ದಾ ಕಿಟಕಿಯಿಂದ ಕೂಗಿದಳು. "ಸಾಕು, ಹೋಗಿ ಮಲ್ಕೊ!"

ಅವನು ಅಲ್ಲ ಅಲ್ಲ ಎಂದು ಜೋರಾಗಿ ತಲೆಯಾಡಿಸಿದ, ಎರಡೂ ಕೈ ಬೀಸಿದ, ಟ್ರಕ್ಕಿನ ಮೇಲೆ ಕಾಲು ಅಪ್ಪಳಿಸಿದ.

"ನೋಡ್ರೋ, ಹೇಗೆ ಕುಣೀತಿದಾನೆ," ಎಂದ ಕಿರಿನೊ. "ಇವನಿಗೆ ಅಧ್ಯಕ್ಷರು ಎಷ್ಟು ಕೊಟ್ಟಿರಬಹುದು?"