ಒಂದೂವರೆ ಇಂಚಿನ ಯುದ್ಧ

ಟೈಲರ್ ಅಂಗಡಿಗೆ ಕುತ್ತು ಬಂದದ್ದು ಒಂದು ಕುದುರೆಯಿಂದ. ಆ ಕುದುರೆಯೋ, ಹೆಬ್ಬೆರಳಿಗಿಂತ ದೊಡ್ಡದಲ್ಲ. ಕಟ್ಟಡದ ಮಾಲೀಕರ ಬಳಿ ಅಂಥ ಇನ್ನೂರು ಬೊಂಬೆಗಳಿದ್ದವು. ನಿವೃತ್ತರಾದಂದಿನಿಂದ ಅವರು ಊಟದ ಮೇಜಿನ ಮೇಲೆ ಗುಡ್ಡ, ಕಾಡು, ಹೊಳೆ ಜೋಡಿಸಿ ಎದುರುಮನೆಯ ಹಲ್ಲಿನ ಡಾಕ್ಟರ ಜೊತೆ ಯುದ್ಧವಾಡುತ್ತಿದ್ದರು. ಹೋದ ವಾರ ಒಂದು ಕುದುರೆ ಹೆಂಡತಿಯ ಹಾಲಿನ ಲೋಟದಲ್ಲಿ ಸಿಕ್ಕಿತು. "ಈ ಯುದ್ಧ ಮನೆಯಿಂದಾಚೆ!" ಎಂದು ಆಕೆ ಗುಡುಗಿದರು. ಮನೆಯಿಂದಾಚೆ ಅಂದರೆ ಕೆಳಗಿನ ಟೈಲರ್ ಅಂಗಡಿ. ಹೆಂಡತಿಯಿಂದ ತಿಂಗಳ ಕೊನೆಯವರೆಗೆ ಗಡುವು ಪಡೆದ ಮಾಲೀಕರು, ಅಷ್ಟರೊಳಗೆ ಖಾಲಿ ಮಾಡು ಎಂದು ಟೈಲರನಿಗೆ ಹೇಳಿಬಿಟ್ಟರು.

ಭಾನುವಾರ ಬೆಳಿಗ್ಗೆ ಅವರೇ ಮೇಲಿನಿಂದ ಕೂಗಿದರು. "ಟೇಪ್ ತಗೊಂಡು ಬಾರಯ್ಯಾ! ಈ ಡಾಕ್ಟ್ರು ಇಂಚು ಕದೀತಾರೆ. ಮಧ್ಯಸ್ಥ ಬೇಕು."

"ಹೋಗಿ," ಎಂದಳು ಅಂಗಡಿಗೆ ತಿಂಡಿ ತಂದಿದ್ದ ಟೈಲರ್ ಹೆಂಡತಿ. "ಸೋತ್ರೆ ಅವ್ರು ಯಾರ ಮಾತೂ ಕೇಳಲ್ಲ. ಗೆದ್ದ ತಕ್ಷಣ ಅಂಗಡಿ ವಿಷಯ ಎತ್ತಿ."

ಟೈಲರ್ ಹೋದ. ಆಟದ ತಲೆಬುಡ ಅವನಿಗೆ ತಿಳಿಯಲಿಲ್ಲ.

"ಕುದುರೆ ಹತ್ತಿಂಚು ಓಡತ್ತೆ," ಎಂದರು ಮಾಲೀಕರು. "ಕಾಡಲ್ಲಿ ನಾಲ್ಕಿಂಚು ಹೋದ್ರೆ ಎಂಟು ಅಂತ ಲೆಕ್ಕ."

"ನಾಲ್ಕು ಅಳೆದ್ರೆ ನಾಲ್ಕೇ ಅಲ್ವಾ ಸಾರ್?"

"ಅಲ್ಲಿ ಮುಳ್ಳಿರತ್ತೆ ಕಣಯ್ಯಾ!"

ಟೈಲರ್ ಕಾಡನ್ನು ಒತ್ತಿ ನೋಡಿದ. ಪಾತ್ರೆ ತೊಳೆಯುವ ಸ್ಪಂಜು. ಮುಳ್ಳೆಲ್ಲೂ ಇರಲಿಲ್ಲ.

ಡಾಕ್ಟರು ತಮ್ಮ ಫಿರಂಗಿ ತೋರಿಸಿದರು. "ಇದ್ರ ಗುಂಡು ಇಪ್ಪತ್ತನಾಲ್ಕಿಂಚು ಹೋಗತ್ತೆ. ಆದ್ರೆ ಗುಡ್ಡದ ಹಿಂದೆ ಇರೋರು ಕಾಣಲ್ಲ, ಹೊಡೆಯೋ ಹಾಗಿಲ್ಲ."

"ಕಾಣ್ತಿದಾರಲ್ಲ ಸಾರ್! ಹನ್ನೆರಡು ಜನ, ಸಾಲಾಗಿ ನಿಂತಿದಾರೆ."

"ನಿಂಗಲ್ಲ ಮಾರಾಯ, ಫಿರಂಗಿಗೆ ಕಾಣಲ್ಲ! ಬಗ್ಗಿ ನೋಡು."

ಟೈಲರ್ ಮೇಜಿಗೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿದ. "ಒಂದು ಟೋಪಿ ಕಾಣ್ತಿದೆ."

"ಟೋಪಿ ಲೆಕ್ಕಕ್ಕಿಲ್ಲ. ಎದೆ ಕಾಣ್ಬೇಕು."

ಮೂವತ್ತು ವರ್ಷ ಊರವರ ಎದೆಯಳತೆ ತೆಗೆದವನಿಗೂ ಆ ಗುಡ್ಡದಾಚೆಯ ಎದೆ ಸಿಗಲಿಲ್ಲ. ಯಾವ ಇಂಚು ಎಲ್ಲಿ ಎರಡಾಗುತ್ತದೆ, ಯಾರಿಗೆ ಯಾರು ಕಾಣುತ್ತಾರೆ ಎಂಬುದೆಲ್ಲ ಅವನ ತಲೆಯಲ್ಲಿ ಕಲಸುಮೇಲೋಗರವಾಗಿ, ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಅವನು ಶ್ರದ್ಧೆಯಿಂದ ಮಾಡತೊಡಗಿದ. ಅಳೆದ, ಕೂಗಿದ.

ವಿಚಿತ್ರವೆಂದರೆ, ಎರಡು ಗಂಟೆ ಕಳೆದರೂ ಒಬ್ಬನೂ ಸಾಯಲಿಲ್ಲ. ಯಾರ ಗುಂಡೂ ಯಾರಿಗೂ ತಲುಪಲಿಲ್ಲ. "ಏನ್ರೀ ಇದು, ಯುದ್ಧವೋ ಮೆರವಣಿಗೆಯೋ?" ಎಂದು ಡಾಕ್ಟರು ತಲೆ ಕೆರೆದುಕೊಂಡರು. ಕೊನೆಗೆ ಮಾಲೀಕರ ರಾಜ ಬಯಲಲ್ಲಿ ಒಂಟಿಯಾಗಿ ಸಿಕ್ಕಿಬಿದ್ದ. ಫಿರಂಗಿ ತಿರುಗಿತು. ಟೈಲರ್ ಟೇಪ್ ಚಾಚಿದ. ರಾಜ ಸತ್ತರೆ ಅಂಗಡಿಯೂ ಸತ್ತ ಹಾಗೆ.

"ಇಪ್ಪತ್ತೈದೂವರೆ!" ಎಂದ.

ಗುಂಡು ತಲುಪಲಿಲ್ಲ. ಮುಂದಿನ ಸರದಿಯಲ್ಲಿ ಮಾಲೀಕರ ಕುದುರೆಗಳು ನುಗ್ಗಿ ಫಿರಂಗಿಯನ್ನೇ ಹಿಡಿದವು. ಗೆಲುವು!

ಡಾಕ್ಟರು ಟೇಪನ್ನು ಕಸಿದುಕೊಂಡರು. ಬಯಲಲ್ಲಿ ರಾಜ ಕದಲದೆ ನಿಂತಿದ್ದ. ಅವನಿಂದ ಫಿರಂಗಿಗೆ ತಾವೇ ಅಳೆದರು. "ಇಪ್ಪತ್ತನಾಲ್ಕೇ ಇದೆ! ಇಪ್ಪತ್ತೈದೂವರೆ ಎಲ್ಲಿಂದ ಬಂತು?"

"ಅಳತೆ ಇಪ್ಪತ್ತನಾಲ್ಕೇ ಸಾರ್," ಎಂದ ಟೈಲರ್. "ಹೊಲಿಗೆಗೆ ಅಂತ ಒಂದೂವರೆ ಬಿಟ್ಟೆ. ಬಿಡದಿದ್ರೆ ಆಮೇಲೆ ಬಿಗಿ ಆಗತ್ತಲ್ಲ?"

"ಬೆಳಗ್ಗಿಂದ್ಲೂ ಹೀಗೇನಾ?"

"ಮೂವತ್ತು ವರ್ಷದಿಂದ್ಲೂ ಹೀಗೇ ಸಾರ್. ಒಂದಿನಾನೂ ತಪ್ಪಿಸಿಲ್ಲ."

ಮುಗೀತು ಕಥೆ ಎಂದುಕೊಂಡ ಟೈಲರ್. ಮಾಲೀಕರು ಮಾತ್ರ ನಿಯಮದ ಪುಸ್ತಕ ತಿರುವಿ ಎದ್ದು ನಿಂತರು. "ಮಧ್ಯಸ್ಥನ ಅಳತೆಯೇ ಅಂತಿಮ! ಓದ್ಕೊಳ್ಳಿ, ಹದಿನೇಳನೇ ಪುಟ!"

ಡಾಕ್ಟರು ಓದಿದರು, ಮತ್ತೆ ಓದಿದರು, ಪುಸ್ತಕ ಮುಚ್ಚಿದರು. ಮಾಲೀಕರು ಟೈಲರನನ್ನು ಅಪ್ಪಿಕೊಂಡರು.

"ಸಾರ್... ನನ್ನ ಅಂಗಡಿ..."

"ಖಾಲಿ ಮಾಡೋದೇ ಬೇಡ! ನಿನ್ನಂಥೋನ್ನ ಬಿಟ್ಟುಕೊಡ್ತೀನಾ? ಬದುಕಿರೋತನಕ ಅಲ್ಲೇ ಇರು."

ಟೈಲರನ ಕಣ್ಣು ತುಂಬಿ ಬಂತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರಲ್ಲ, ಆ ಸಾವಿರ ವರ್ಷವನ್ನೂ ಹೊತ್ತುಕೊಂಡು ಮನೆಗೆ ಓಡಿದ. ಉಂಡು, ಹಾಯಾಗಿ ನಿದ್ದೆ ಮಾಡಿ, ಸಂಜೆ ಹೆಂಡತಿಯನ್ನೂ ಕರೆದುಕೊಂಡು ಅಂಗಡಿಗೆ ಬಂದ. ನಾಳೆಗೆ ಕೊಡಬೇಕಾದ ಆರು ಪ್ಯಾಂಟುಗಳ ಬಟ್ಟೆ ಕತ್ತರಿಸುವುದಿತ್ತು.

ಬಾಗಿಲು ತೆರೆದೇ ಇತ್ತು. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ತುಂಬ ಗುಡ್ಡ, ಕಾಡು, ಹೊಳೆ. ಡಾಕ್ಟರು ಹೊಳೆಯ ದಡಕ್ಕೆ ಗೋಂದು ಹಚ್ಚುತ್ತಿದ್ದರು.

"ಬಾ ಬಾ!" ಎಂದರು ಮಾಲೀಕರು. "ಎಂಟಡಿಗೆ ನಾಲ್ಕಡಿ, ಯುದ್ಧಕ್ಕೇ ಮಾಡಿಸಿದ ಹಾಗಿದೆ ನಿನ್ನ ಮೇಜು. ಡಾಕ್ಟ್ರು ಸೇಡು ತೀರಿಸ್ಕೋಬೇಕಂತೆ. ಇನ್ನು ದಿನಾ ಇಲ್ಲೇ. ಅಳೆಯೋನೂ ಇಲ್ಲೇ ಇರ್ತೀಯ, ಹುಡುಕೋ ತಾಪತ್ರಯ ಇಲ್ಲ."

"ಸಾರ್, ಮತ್ತೆ ನಾನು ಬಟ್ಟೆ ಕತ್ತರಿಸೋದು ಎಲ್ಲಿ?"

ಮಾಲೀಕರು ಬಗ್ಗಿ ಮೇಜಿನ ಕೆಳಗೆ ನೋಡಿದರು. "ಬೇಕಾದಷ್ಟು ಜಾಗ ಇದ್ಯಲ್ಲಯ್ಯಾ! ಏಳುವಾಗ ತಲೆ ಮಾತ್ರ ತಾಗಿಸ್ಬೇಡ, ಗುಡ್ಡ ಕುಸಿಯತ್ತೆ."

ಟೈಲರ್ ಹೆಂಡತಿಯ ಮುಖ ನೋಡಿದ. ಅವಳು ಮೇಜಿನ ಕೆಳಗೆ ಹಾಸಲು ಚಾಪೆ ತರಹೋದಳು.