ಅಪ್ಪನ ಕಿವಿಯ ಮೇಲೊಂದು ಮೊಕದ್ದಮೆ

ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗಿದ್ದವರು ಸುಮ್ಮನಾದರೆ ನಾವು ಗೆದ್ದೆವೆಂದು ತಿಳಿಯುವ ರೋಗ. ವೇದಿಕೆಯ ಮೇಲೆ ಇದು ಸುಳ್ಳೇನಲ್ಲ. ಅಲ್ಲಿ ಗಂಟೆ ಬಾರಿಸುವವರಿರುತ್ತಾರೆ, ಅಂಕ ಹಾಕುವವರಿರುತ್ತಾರೆ, ಸೋತವರು ಚಹಾ ಕುಡಿದು ಮನೆಗೆ ಹೋಗುತ್ತಾರೆ. ಮನೆಯಲ್ಲಿ ಹಾಗಲ್ಲ. ಮನೆಯಲ್ಲಿ ಸುಮ್ಮನಾದವರು ಒಪ್ಪಿರುವುದಿಲ್ಲ, ಬೇಸತ್ತಿರುತ್ತಾರೆ. ಇಲ್ಲವೆ ಒಲೆಯ ಮೇಲೆ ಏನೋ ಸೀಯುತ್ತಿರುತ್ತದೆ. ನಾನು ವಿಜಯಪುರದಲ್ಲಿ ಕಾನೂನು ಓದುವವಳು, ದಿನಾ ತಿಕೋಟಾದಿಂದ ಹೋಗಿ ಬರುವವಳು. ಸಾಕ್ಷಿಯಿಲ್ಲದೆ ಯಾವುದನ್ನೂ ನಂಬುವುದಿಲ್ಲವೆಂದು ಸಣ್ಣವಳಿದ್ದಾಗಲೇ ನಿರ್ಧರಿಸಿದ್ದೇನೆ. ಒಮ್ಮೆ ಕನಮಡಿಯ ಅತ್ತೆ ಅಪ್ಪನ ಮೂರು ಗಾಲಿಯ ಬಾಡಿಗೆ ಗಾಡಿ ಟಮ್‌ಟಮ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು. ನಿಂಬೆಹಣ್ಣು ಅಪಘಾತ ತಡೆಯುವುದಾದರೆ ಬ್ರೇಕ್ ಯಾಕೆ ಬೇಕು ಎಂದು ನಾನು ಅರ್ಧ ತಾಸು ವಾದಿಸಿದೆ. ಅತ್ತೆ ಎಲ್ಲ ಕೇಳಿ, ನಿಂಬೆಹಣ್ಣನ್ನು ಟಮ್‌ಟಮ್‌ನಿಂದ ಬಿಚ್ಚಿ ನನ್ನ ಕಾಲೇಜು ಚೀಲಕ್ಕೆ ಕಟ್ಟಿ, "ಇದು ಗಾಡಿಗಿಂತ ನಿನಗ ಹೆಚ್ಚು ಬೇಕಾಗೇತಿ" ಎಂದು ಊಟಕ್ಕೆ ಎದ್ದಳು. ಅಂಥ ಸೋಲುಗಳನ್ನು ನಾನು ಮರೆಯಬಲ್ಲೆ. ಮರೆಯಲಾಗದ್ದು ಅಪ್ಪನ ಎದುರಿನ ಸೋಲು. ಯಾಕೆಂದರೆ ಅಪ್ಪ ವಾದವನ್ನೇ ಮಾಡುವುದಿಲ್ಲ. "ಹೂಂ" ಅನ್ನುತ್ತಾನೆ.

ಈ ಹೂಂಕಾರದ ಬಗ್ಗೆ ನನಗೆ ಸಂಶಯ ಶುರುವಾಗಿ ಬಹಳ ದಿನವಾಗಿತ್ತು. ನಮ್ಮ ಟಿ.ವಿ.ಯ ಧಾರಾವಾಹಿಯನ್ನು ಓಣಿಯ ತುದಿಯ ಮನೆಯವರು ತಮ್ಮ ಕಟ್ಟೆಯ ಮೇಲೆ ಕೂತು ಕೇಳುವಂತಾಗಿತ್ತು. ಕುಕ್ಕರು ಸೀಟಿ ಹೊಡೆದು ಹೊಡೆದು ಬೇಳೆ ತಳ ಹಿಡಿದರೂ ಪಕ್ಕದಲ್ಲೇ ಕೂತ ಅಪ್ಪ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಕೇಳಿದರೆ ಉತ್ತರ ಸಿದ್ಧ. "ಟಿ.ವಿ. ಹಳೇದಾಗೇತಿ, ಅದರ ದನಿ ಬಿದ್ದೈತಿ." "ಸೀಟಿ ಎಣಿಸೂದು ನನ್ನ ಕೆಲಸೇನ ಬೇ?" ಕಿವಿ ಪರೀಕ್ಷೆ ಮಾಡಿಸೋಣ ಎಂದರೆ "ಹೂಂ". ಯಾವಾಗ ಎಂದರೆ ಮತ್ತೆ "ಹೂಂ". ಅಪ್ಪ ತಿಕೋಟಾ ಮತ್ತು ವಿಜಯಪುರದ ನಡುವೆ ಟಮ್‌ಟಮ್ ಓಡಿಸುತ್ತಾನೆ. ಹಿಂದೆ ಕೂತವರಿಗೆ ಇವನ ಕಿವಿಯ ಸುದ್ದಿ ಗೊತ್ತಾಗದೆ ಇದ್ದದ್ದು ಹೇಗೆಂದು ನಾನು ಬಹಳ ಯೋಚಿಸಿದ್ದೇನೆ. ಟಮ್‌ಟಮ್‌ನಲ್ಲಿ ಇಳಿಯಬೇಕಾದವರು ಕೂಗುವುದಿಲ್ಲ. ಕೂಗಿದರೂ ಎಂಜಿನ್ನಿನ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಪಕ್ಕದ ತಗಡು ಬಡಿಯುತ್ತಾರೆ. ಆ ಬಡಿತ ತಗಡಿನಿಂದ ಹ್ಯಾಂಡಲ್ಲಿಗೆ, ಹ್ಯಾಂಡಲ್ಲಿನಿಂದ ಅಪ್ಪನ ಅಂಗೈಗೆ ಇಳಿಯುತ್ತದೆ, ಗಾಡಿ ನಿಲ್ಲುತ್ತದೆ. ಯಾರಾದರೂ ಮಾತಿಗೆಳೆದರೆ ಕನ್ನಡಿಯಲ್ಲಿ ಅವರ ತುಟಿ ನೋಡುತ್ತಾನೆ. ತಿಳಿಯದ್ದಕ್ಕೆಲ್ಲ ಹೂಂ. ಹೂಂ ಅನ್ನುವವನನ್ನು ನಮ್ಮ ಕಡೆ ಯಾರೂ ಕಿವುಡ ಅನ್ನುವುದಿಲ್ಲ, ಭಾಳ ಸಮಾಧಾನದ ಮನುಷ್ಯ ಅನ್ನುತ್ತಾರೆ.

ಇಷ್ಟೇ ಆಗಿದ್ದರೆ ನಾನೂ ಬೇಳೆಯ ತಳ ಕೆರೆಯುತ್ತ ಕಾಲ ಕಳೆಯುತ್ತಿದ್ದೆ. ಆದರೆ ಆ ಬೇಸಿಗೆಯ ಕೊನೆಗೆ ಅಪ್ಪ ಒಂದು ಸಾಲೆಗೆ ಮಾತು ಕೊಟ್ಟುಬಿಟ್ಟ. ಘೋಣಸಗಿ ಕಡೆಯ ಸಣ್ಣ ಮಕ್ಕಳನ್ನು ದಿನಾ ಟಮ್‌ಟಮ್‌ನಲ್ಲಿ ಸಾಲೆಗೆ ಕರೆದುಕೊಂಡು ಹೋಗಿ ಬರುವ ಕೆಲಸ. ಬರುವ ಸೋಮವಾರವೇ ಶುರು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಮಕ್ಕಳು ತಗಡು ಬಡಿಯುವುದಿಲ್ಲ. ಅವು ಅಳುತ್ತವೆ, ಚೀರುತ್ತವೆ. ಹಿಂದೆ ಒಂದು ಕೂಸು ಜಾರಿ ಬಿದ್ದು ಉಳಿದವು ಕೂಗಿಕೊಂಡರೆ? ಅವ್ವನ ಮುಂದೆ ಇದನ್ನೇ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನನಗೇನ್ ಗೊತ್ತಿಲ್ಲಂತ ತಿಳಿದಿಯೇನ? ಕಿವುಡ ಅಂತ ಒಮ್ಮಿ ಊರಾಗ ಸುದ್ದಿ ಆದ್ರ ಅವನ ಗಾಡಿ ಯಾರ ಹತ್ತತಾರ? ಅದಕ್ಕ ಅಂವ ಕೇಳ್ದಂಗ ಮಾಡ್ತಾನ, ನಾ ಕೇಳಿಸ್ದಂಗ ಮಾಡ್ತೇನಿ" ಅಂದಳು. ಇಷ್ಟು ದೊಡ್ಡ ಒಳಸಂಚು ನಮ್ಮ ಅಡುಗೆಮನೆಯಲ್ಲೇ ನಡೆದಿತ್ತು, ನಾನು ಚರ್ಚಾಸ್ಪರ್ಧೆಯ ಪಾರಿತೋಷಕಗಳ ಧೂಳು ಒರೆಸುತ್ತ ಕೂತಿದ್ದೆ.

ಆಗ ನೆನಪಾದದ್ದು ಶಬಾನಾ ಟೀಚರ್. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ರವಿವಾರ ಮುಂಜಾನೆ ವಿಜಯಪುರದ ದೊಡ್ಡ ಗಾರ್ಡನ್ನಿನಲ್ಲಿ 'ಕೇಳುವ ನಡಿಗೆ' ಎಂದು ನಡೆಸುತ್ತಾರೆ. ಜನರನ್ನು ಗುಂಪು ಕಟ್ಟಿ ಮೌನವಾಗಿ ಗಿಡಗಳ ನಡುವೆ ನಡೆಸಿ, ಹಕ್ಕಿಯ ದನಿ, ಎಲೆಯ ಸಪ್ಪಳ ಕೇಳಿಸುವುದು. ಇದನ್ನು ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ. ಉಸಿರಾಡುವ ಶಿಬಿರ ಬಂತು, ನಗುವ ಸಂಘ ಬಂತು, ಇನ್ನು ಉಗುಳು ನುಂಗುವ ತರಬೇತಿಯೊಂದು ಬಾಕಿ ಎಂದಿದ್ದೆ. ಕಿವಿ ಇದ್ದವರಿಗೆ ಕೇಳಿಸಲು ಟೀಚರ್ ಯಾಕೆ? ಆದರೆ ನಡಿಗೆಯ ಕೊನೆಗೆ ಎಲ್ಲರೂ ವರ್ತುಲದಲ್ಲಿ ಕೂತು, ಕೇಳಿದ ಒಂದೊಂದು ಸಪ್ಪಳವನ್ನು ಹೇಳಬೇಕೆಂಬುದು ನನ್ನ ಕಿವಿ ನಿಮಿರಿಸಿತು. ನಾಲ್ಕು ಜನರೆದುರು, ನುಣುಚಿಕೊಳ್ಳಲಾಗದ ಪಾಟೀಸವಾಲು. ಅಪ್ಪ ಅಲ್ಲಿ ಹೂಂ ಅನ್ನುವಂತಿಲ್ಲ. "ರವಿವಾರ ನನ್ನ ಜೋಡಿ ಗಾರ್ಡನಿಗೆ ಬಾ" ಎಂದೆ. "ಹೂಂ" ಅಂದ. ರವಿವಾರ ನಾನು ಕೈ ತೋರಿಸಿದತ್ತ ಅಪ್ಪ ಗಾಡಿ ತಿರುಗಿಸುತ್ತ ಬಂದ. ಗಾರ್ಡನ್ನಿನ ಬಾಗಿಲಲ್ಲಿ ಟಮ್‌ಟಮ್ ಇಳಿದಾಗ ಅವನ ಕೈಯಲ್ಲಿ ಕಾಯಿಪಲ್ಲೆ ತರುವ ಚೀಲವಿತ್ತು.

"ಚೀಲಾ ಯಾಕಪಾ?"

"ಬಾಜಾರಕ್ಕ ಹೊಂಟೀವಿ ಅಲ್ಲ?"

"ಗಾರ್ಡನಿಗೆ ಬಂದೀವಿ."

"ಹೂಂ, ಮತ್ತ" ಎಂದು, ಎಲ್ಲ ಗೊತ್ತಿದ್ದವನ ಹಾಗೆ ಚೀಲವನ್ನು ಮಡಚಿ ಬಗಲಲ್ಲಿ ಸೇರಿಸಿದ.

ನಡಿಗೆಗೆ ಬಂದವರಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಮತ್ತು ಮಗಳ ಮನೆಗೆಂದು ಬಬಲೇಶ್ವರದಿಂದ ಬಂದಿದ್ದ ಸುಮಂಗಲಾ ಕಾಕು ಎಂಬ ಹಿರಿಯಳು ನನಗೆ ನೆನಪಿದ್ದಾರೆ. ಉಳಿದವರು ಬೂಟುಗಳಾಗಿ ಮಾತ್ರ ನೆನಪಿದ್ದಾರೆ. ಶಬಾನಾ ಟೀಚರ್ ಮೆಲ್ಲಗೆ ನಿಯಮ ಹೇಳಿದರು. "ಇನ್ನ ಮ್ಯಾಲ ಮಾತಿಲ್ರಿ. ನಾ ಕೈ ಎತ್ತಿದಲ್ಲೆ ನಿಂದರ್ರಿ, ಕಣ್ಣ ಮುಚ್ಚಿ ಕೇಳ್ರಿ. ಕಡೀಕ ಬೇವಿನ ಗಿಡದ ಕೆಳಗ ಕುಂತು ಎಲ್ಲಾರೂ ಒಂದೊಂದು ಸಪ್ಪಳಾ ಹೇಳೂಣು. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಹೇಳಂಗಿಲ್ಲ."

"ನನ್ನ ಬಳಿ ಸಪ್ಪಳ ಮಾಡತಾವಲ್ರಿ ಬಾಯಾರ" ಎಂದಳು ಕಾಕು, ಕೈತುಂಬ ಇದ್ದ ಹಸಿರು ಬಳೆಗಳನ್ನು ತೋರಿಸಿ.

"ಸೆರಗಿನಾಗ ಸುತ್ತಿ ಹಿಡಕೋರಿ ಕಾಕು."

"ಸೀನು ಬಂದ್ರ ಏನ್ ಮಾಡೂದ್ರಿ?" ಎಂದು ಮ್ಯಾನೇಜರ್ ಕೇಳಿದರು.

"ಸೀನ್ರಿ ಸರ್. ಅದೂ ಒಂದು ಸಪ್ಪಳನ."

ಅಪ್ಪ ಎಲ್ಲರ ತುಟಿಗಳನ್ನು ಸರದಿಯಲ್ಲಿ ನೋಡಿ, ಎಲ್ಲರೂ ನಕ್ಕ ಮೇಲೆ ನಕ್ಕ.

ಮೌನ ಶುರುವಾಯಿತು. ಮೊದಲ ನಿಲುಗಡೆ ಒಂದು ಹುಣಸೆಮರದ ಕೆಳಗೆ. ಟೀಚರ್ ಕೈ ಎತ್ತಿದರು, ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ, ನನ್ನ ಕೆಲಸ ಬೇರೆ ಇತ್ತು. ಅಪ್ಪನ ಕಡೆ ನೋಡಿದರೆ ಅವನೂ ಒಂದು ಕಣ್ಣನ್ನು ಅರ್ಧ ತೆರೆದು ಉಳಿದವರ ಮುಖ ನೋಡುತ್ತಿದ್ದ. ನಮ್ಮಿಬ್ಬರ ಕಣ್ಣು ಕೂಡಿದವು. ಇಬ್ಬರೂ ಗಟ್ಟಿಯಾಗಿ ಮುಚ್ಚಿಕೊಂಡೆವು. ಮುಂದಿನ ನಿಲುಗಡೆಯಲ್ಲಿ ನಾನು ಇನ್ನಷ್ಟು ಜಾಣಳಾದೆ, ರೆಪ್ಪೆಯ ಸಂದಿಯಿಂದ ನೋಡಿದೆ. ಎಲ್ಲೋ ಏನೋ ಕೂಗಿರಬೇಕು. ಮೊದಲು ಕಾಕುವಿನ ಮುಖ ಅರಳಿತು. ಮ್ಯಾನೇಜರ್ ತಲೆಯಾಡಿಸಿದರು. ಆಮೇಲೆ, ಒಂದು ಕ್ಷಣ ತಡವಾಗಿ, ಅಪ್ಪನ ಮುಖವೂ ಅರಳಿತು. ಎಲ್ಲರೂ ಎಡಕ್ಕೆ ತಿರುಗಿದರೆ ಅವನೂ ಎಡಕ್ಕೆ, ಅದೇ ಒಂದು ಕ್ಷಣ ತಡವಾಗಿ. ತರಗತಿಯಲ್ಲಿ ಉತ್ತರ ಗೊತ್ತಿಲ್ಲದೆ ಪಕ್ಕದವನ ಜೊತೆ ಕೈ ಎತ್ತುವ ಹುಡುಗನ ಹಾಗೆ. ಸಾಕ್ಷಿ ಸಿಕ್ಕ ಸಂತೋಷ ನನಗೆ ಆಗಬೇಕಾಗಿತ್ತು. ಆಗಲಿಲ್ಲ. ಈ ಮನುಷ್ಯ ನಮ್ಮ ಮನೆಯಲ್ಲೂ ಹೀಗೇ, ನಮ್ಮ ಮುಖಗಳಿಂದ ಸಾಲ ತಂದ ನಗೆ ನಗುತ್ತ ಎಷ್ಟು ದಿನದಿಂದ ಕೂತಿದ್ದಾನೋ.

ದಾರಿ ಅಲ್ಲಿಂದ ಇಳಿಜಾರಿಗೆ ತಿರುಗಿತು. ಅಪ್ಪ ಬೆನ್ನ ಹಿಂದೆ ಕೈ ಕಟ್ಟಿ ದಾರಿಯ ನಟ್ಟನಡುವೆ ನಡೆಯುತ್ತಿದ್ದ. ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿತು. ಒಬ್ಬ ಸಣ್ಣ ಹುಡುಗಿ, ಕಾಲು ಇನ್ನೂ ನೆಲಕ್ಕೆ ಎಟುಕದ ಸೈಕಲ್ಲಿನ ಮೇಲೆ, ಇಳಿಜಾರಿನಲ್ಲಿ ಜೋರಾಗಿ ಬರುತ್ತಿದ್ದಳು. ನಾವೆಲ್ಲ ಬದಿಗೆ ಸರಿದೆವು. ಮತ್ತೆ ಗಂಟೆ ಬಾರಿಸಿದಳು. ಅಪ್ಪ ಅದೇ ನಡುವೆ, ಅದೇ ನಡಿಗೆ. ನನ್ನೊಳಗಿನ ವಕೀಲೆ, ನೋಡು, ಇಷ್ಟು ದಿನ ಹುಡುಕಿದ್ದು ಕಣ್ಣ ಮುಂದೆ ಬರುತ್ತಿದೆ, ಎಂದು ಒಂದು ಉಸಿರಿನಷ್ಟು ಹೊತ್ತು ನಿಂತಳು. ಅದನ್ನು ಇಲ್ಲಿ ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಆಮೇಲೆ ನಾನು ಓಡಿ ಅಪ್ಪನ ತೋಳು ಹಿಡಿದು ಜಗ್ಗಿದೆ.

"ಯಾಕ ಜಗ್ಗತಿ ಬೇ?" ಎಂದ ಅಪ್ಪ. ಅಷ್ಟು ಹೊತ್ತಿನ ಮೌನದಲ್ಲಿ ಅದು ಗುಂಡು ಹಾರಿಸಿದಂತೆ ಕೇಳಿಸಿತು. ಅಷ್ಟರಲ್ಲಿ ಸೈಕಲ್ಲು ಅವನ ಅಂಗಿಯ ತೋಳು ಸವರಿಕೊಂಡು ಮುಂದೆ ಹೋಯಿತು. ಹುಡುಗಿ ಹೋಗುತ್ತಲೇ ಹಿಂತಿರುಗಿ, "ಎಷ್ಟ ಸಲ ಬಾರಿಸ್ಬೇಕ್ರಿ ಅಜ್ಜಾ" ಎಂದಳು. ಅವಳ ಹೆಬ್ಬೆರಳು ಇನ್ನೂ ಗಂಟೆಯ ಮೇಲೆ ಇತ್ತು. ಅಪ್ಪ ಆ ಹೆಬ್ಬೆರಳನ್ನು ನೋಡಿದ. ಆಮೇಲೆ ಬದಿಗೆ ಸರಿದು ನಿಂತಿದ್ದ ನಮ್ಮೆಲ್ಲರನ್ನು ನೋಡಿದ. ಬೆನ್ನ ಹಿಂದಿನ ಕೈ ಬಿಡಿಸಿ ಪಕ್ಕಕ್ಕೆ ಇಳಿಬಿಟ್ಟ. ಅಲ್ಲಿಂದ ಮುಂದೆ ದಾರಿಯ ಅಂಚಿನ ಹುಲ್ಲಿನ ಮೇಲೇ ನಡೆದ.

ಬೇವಿನ ಗಿಡದ ಕೆಳಗೆ ವರ್ತುಲವಾಗಿ ಕೂತೆವು. ನನ್ನ ಪಕ್ಕದಲ್ಲಿ ಅಪ್ಪ, ಸರದಿಯಲ್ಲಿ ಕೊನೆಯವನು. ಕಾಕು ಗಿಳಿ ಹೇಳಿದಳು. ಮ್ಯಾನೇಜರ್ ಒಣ ಎಲೆಯ ಮೇಲೆ ಅಳಿಲು ಓಡಿದ್ದನ್ನು ಹೇಳಿದರು, ಜೊತೆಗೆ ತಮ್ಮ ಮೊಣಕಾಲಿನ ಲಟಕ್ಕನ್ನೂ ಸೇರಿಸಿದರು. ಸರದಿ ಹತ್ತಿರ ಬಂದಂತೆ ಅಪ್ಪನ ಕೈ ಚೀಲದ ಹಿಡಿಕೆಯನ್ನು ಸುತ್ತುತ್ತ, ಬಿಚ್ಚುತ್ತ ಇತ್ತು. ಈ ಬೋನನ್ನು ಒಡ್ಡಿದವಳು ನಾನು. ಈಗ ಅದರ ಬಾಗಿಲಿಗೆ ಅಡ್ಡ ನಿಲ್ಲದೆ ನನಗೆ ಗತಿಯಿರಲಿಲ್ಲ. ನನ್ನ ಸರದಿ ಬಂದಾಗ ಮತ್ತೊಂದು ಸತ್ಯ ಹೊಳೆಯಿತು: ಅಪ್ಪನ ಮುಖ ಕಾಯುವುದರಲ್ಲಿ ನಾನು ಒಂದು ಹಕ್ಕಿಯ ದನಿಯನ್ನೂ ಕೇಳಿರಲಿಲ್ಲ. ಎರಡಕ್ಕೂ ಒಂದೇ ಔಷಧ. ಎದ್ದು ನಿಂತು ಭಾಷಣ ಶುರುಮಾಡಿದೆ. ಕಿವಿಗೆ ಬಿದ್ದದ್ದೆಲ್ಲ ಕೇಳಿದ್ದು ಹೇಗಾಗುತ್ತದೆ ಎಂದು ಪ್ರಶ್ನಿಸಿದೆ. ಗಿಳಿ ಕೂಗಿತೆಂಬುದಕ್ಕೆ ಕಾಕುವಿನ ಹೇಳಿಕೆ ಬಿಟ್ಟರೆ ಬೇರೆ ಪುರಾವೆ ಏನಿದೆ ಎಂದೆ. ಪಕ್ಕದಲ್ಲಿ ಯೋಗದ ಗುಂಪು ಚಾಪೆ ಹಿಡಿದು ಜಾಗಕ್ಕಾಗಿ ಕಾಯುತ್ತಿತ್ತು. ಅವರು ಕೆಮ್ಮಿದಷ್ಟೂ ನಾನು ಹುಮ್ಮಸ್ಸಿನಿಂದ ಮುಂದುವರಿದೆ. ಹೊತ್ತು ಮುಗಿದರೆ ಅಪ್ಪನ ಸರದಿ ತಪ್ಪುತ್ತದೆ.

"ಗಿಳಿ ಕೂಗಿದ್ದಕ್ಕ ನಾ ಯಾರ ಕಡಿಂದ ಸರ್ಟಿಫಿಕೇಟ್ ತರ್ಲೆವ್ವಾ?" ಎಂದಳು ಕಾಕು.

ಶಬಾನಾ ಟೀಚರ್ ನಗುತ್ತ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಆಮೇಲೆ ಅಪ್ಪನ ಎದುರಿಗೇ ಬಂದು ಕೂತು, ಪ್ರತಿ ಮಾತನ್ನೂ ಬಿಡಿಬಿಡಿಸಿ, "ಕಾಕಾ, ನಿಮ್ಮದೊಂದು ಉಳಿದೈತ್ರಿ. ಏನ್ ಕೇಳಿದ್ರಿ?" ಎಂದರು.

ಅಪ್ಪ ಚೀಲವನ್ನು ತೊಡೆಯ ಮೇಲೆ ಹರವಿ ಸಾಪು ಮಾಡಿದ. "ನನಗೇನೂ ಕೇಳಸಲಿಲ್ರಿ ಬಾಯಾರ" ಅಂದ.

ಆಮೇಲೆ ಕಾಕು ಬಳೆ ಗಲಗಲ ಅನ್ನುವಂತೆ ನಕ್ಕಳು. "ಹೆಂಗ ಕೇಳಿಸ್ಬೇಕ್ರಿ ಪಾಪ, ಬಾಜೂಕ ಇಂಥಾ ಮಗಳನ್ನ ಕುಂಡ್ರಿಸ್ಕೊಂಡು?" ಎಲ್ಲರೂ ನಕ್ಕರು. ಮ್ಯಾನೇಜರ್ ಅಪ್ಪನ ಬೆನ್ನು ತಟ್ಟಿದರು. ವರ್ಷಗಟ್ಟಲೆ ನಾನು ಕಾದಿದ್ದ ತಪ್ಪೊಪ್ಪಿಗೆ ತುಂಬಿದ ಸಭೆಯಲ್ಲಿ ಬಂದಿತ್ತು, ಸಭೆ ಅದನ್ನು ನಗೆಚಾಟಿಕೆಯೆಂದು ದಾಖಲಿಸಿಕೊಂಡಿತ್ತು. ನಗದೆ ಉಳಿದವರು ಟೀಚರ್ ಮತ್ತು ನಾನು. ಅಪ್ಪನೂ ಎಂದಿನ ಹಾಗೆ ತಡವಾಗಿ ನಗಲಿಲ್ಲ.

ಟಮ್‌ಟಮ್ ಹತ್ತಿರ ಬಂದ ಮೇಲೆ ಅಪ್ಪ ಕೀಲಿಯನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದ. "ರೇಣೀ" ಅಂದ, "ಸಾಲಿಯವರಿಗೆ ನೀನ ಫೋನ್ ಹಚ್ಚಿ ಹೇಳು, ಸೋಮವಾರ ಆಗೂದಿಲ್ಲ ಅಂತ. ಕಿವಿ ನೆಟ್ಟಗಾದ ಮ್ಯಾಲ ಬರ್ತೇನಿ ಅಂತ ಹೇಳು. ಖರೇನ ಹೇಳು. ಕೂಸುಗಳ ಗಾಡಿ ಐತಿ." ನಾನು ಹತ್ತು ವಾದಗಳನ್ನು ಸಿದ್ಧ ಮಾಡಿಕೊಂಡು ಬಂದಿದ್ದವಳು. ಬಾಯಿಂದ ಬಂದದ್ದು ಒಂದೇ ಮಾತು: "ಹೂಂ."

ಮರುದಿನ ಕಿವಿಯ ದವಾಖಾನೆಗೆ ಹೋದೆವು. ಗಾಜಿನ ಸಣ್ಣ ಕೋಣೆಯೊಳಗೆ ಅಪ್ಪನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಪ್ಪಳ ಕೇಳಿಸಿದಾಗಲೆಲ್ಲ ಬೆರಳೆತ್ತಬೇಕೆಂದರು. ಪರೀಕ್ಷೆ ಮಾಡುವ ತರುಣ ಹೊರಗೆ ಯಂತ್ರದ ಮುಂದೆ ಕೂತ. ನಾನು ಅವನ ಬೆನ್ನ ಹಿಂದೆ, ಅಪ್ಪನಿಗೆ ಎದುರಾಗಿ ನಿಂತೆ. ಅವನು ಗುಂಡಿ ಒತ್ತಿದ. ಅಪ್ಪನ ಬೆರಳು ಮೇಲೆದ್ದಿತು. ಮತ್ತೆ ಒತ್ತಿದ, ಮತ್ತೆ ಎದ್ದಿತು. ಒಂದೂ ತಪ್ಪಲಿಲ್ಲ. ಇಷ್ಟು ಚೆನ್ನಾಗಿ ಕೇಳಿಸುತ್ತಿದೆಯಲ್ಲ ಎಂದು ನನ್ನ ಎದೆ ಹಗುರಾಗುತ್ತಿರುವಾಗ ಆ ತರುಣ ಕೈ ತಡೆದು, ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದ.

"ಮೇಡಮ್ಮಾರ, ನೀವು ಸ್ವಲ್ಪ ಹೊರಗ ಕೂಡ್ರಿ. ನಾ ಗುಂಡಿ ಒತ್ತಿದಾಗೊಮ್ಮೆ ನೀವು ಹುಬ್ಬ ಏರಸ್ತೀರಿ. ಅವರು ನಿಮ್ಮನ್ನ ನೋಡಿ ಬೆರಳ ಎತ್ತಾಕತ್ತಾರ."

ನಾನು ಅಂಥವಳಲ್ಲ, ಸಾಕ್ಷಿಯಿಲ್ಲದೆ ಹೀಗೆ ಆರೋಪ ಹೊರಿಸುವುದು ಸರಿಯಲ್ಲ ಎಂದು ವಾದಿಸಲು ಬಾಯಿ ತೆರೆದೆ. ಗಾಜಿನ ಆಚೆ ಅಪ್ಪ ತಟ್ಟನೆ ಬೆರಳೆತ್ತಿದ.